ಕಂಬಳಿ ಮುಟ್ಟಿ ಕೊಟ್ಟ ಮಾತು

ಅವತ್ತು ನೇತ್ರಾವತಿಯ ಕೈಯಲ್ಲಿ ಕತ್ತರಿ ಇತ್ತು. ಕೊಲ್ಲುವುದಕ್ಕೇ ಮೆಟ್ಟಿಲು ಹತ್ತಿದಳು ಅಂತ ಹೊಳಲ್ಕೆರೆಯ ಅರ್ಧ ಊರು ಇವತ್ತಿಗೂ ಹೇಳುತ್ತದೆ. ಇನ್ನರ್ಧ ಊರು ಆ ಹೊತ್ತಿಗೆ ಊಟ ಮಾಡಿ ಮಲಗಿತ್ತು, ಇಲ್ಲದಿದ್ದರೆ ಅದೂ ಹೇಳುತ್ತಿತ್ತು.

ನಡೆದದ್ದು ಇಷ್ಟು. ಬಸ್ ಸ್ಟ್ಯಾಂಡಿನ ಹಿಂದೆ ಸುಮಿತ್ರಕ್ಕನ ಟೈಲರ್ ಅಂಗಡಿ. ನೇತ್ರಾವತಿ ಅಲ್ಲಿ ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಾಳೆ. ಜೂನ್ ತಿಂಗಳು, ಮೈ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಮೇಲಿನ ರೂಮಿಗೆ ಯಾರೋ ಹೊಸಬ ಬಾಡಿಗೆಗೆ ಬಂದಿದ್ದ. ಬೆಳಗಿನಿಂದ ಢಣ್ ಢಣ್ ಅಂತ ಒಂದೇ ಸಮ ಬಡಿತ. ಸೀಲಿಂಗಿನ ಸುಣ್ಣವೆಲ್ಲ ಉದುರಿ, ನೀಲಿ ಲಂಗಗಳ ಮೇಲೆ ಬಿದ್ದು, ಹಿಟ್ಟಿನ ಗಿರಣಿಯ ಹಾಗಾಗಿತ್ತು ಅಂಗಡಿ.

ಕತ್ತರಿ ಕೆಳಗಿಡುವುದನ್ನೂ ಮರೆತು ಹದಿನೇಳು ಮೆಟ್ಟಿಲು ಹತ್ತಿದಳು ಹುಡುಗಿ.

ಬಾಗಿಲು ತೆರೆದೇ ಇತ್ತು. ಒಳಗೆ ಒಬ್ಬ ಬಡಕಲು ಮನುಷ್ಯ ಸ್ಟೂಲಿನ ಮೇಲೆ ನಿಂತಿದ್ದ. ಕೈಯಲ್ಲಿ ಸುತ್ತಿಗೆ, ಬಾಯ್ತುಂಬ ಮೊಳೆ. ನಾಲ್ಕೂ ಗೋಡೆಗೆ ಕರೀ ಕಂಬಳಿ!

ಸುಣ್ಣದ ಜಗಳ ಅಲ್ಲೇ ಮರೆತುಹೋಯಿತು ಅವಳಿಗೆ.

ನೇತ್ರಾವತಿ ಗೊಲ್ಲರ ಹುಡುಗಿ. ತಾಳ್ಯದಿಂದ ಮೂರು ಮೈಲಿ ಒಳಗೆ, ಸುತ್ತ ಮುಳ್ಳಿನ ಕಳ್ಳೆಬೇಲಿ ಹಾಕಿದ ಹೊಂಗೆಮರದ ಹಟ್ಟಿ ಅವಳದು. ಅಲ್ಲಿ ನ್ಯಾಯ ಬಿದ್ದರೆ ಕಂಬಳಿ ಹಾಸುತ್ತಾರೆ. ಕಂಬಳಿ ಮುಟ್ಟಿ ಹೇಳಿದ ಮಾತು ಮಾತು. ಮುಟ್ಟಿ ಸುಳ್ಳು ಹೇಳಿದವನ ಕುರಿಹಿಂಡು ಉಳಿಯುವುದಿಲ್ಲ ಅಂತ ನಂಬಿಕೆ. ಅಂಥ ಕಂಬಳಿಗೆ ಈ ಮನುಷ್ಯ ಮೊಳೆ ಜಡಿಯುತ್ತಿದ್ದಾನೆ...

"ಕಂಬಳಿಗೆ ಮೊಳೆ ಹೊಡೀತಿದೀರಲ್ರಿ. ನಿಮ್ಮವ್ವನ ಸೀರೆಗೂ ಹಿಂಗೇ ಹೊಡೀತೀರಾ?"

ಅವನು ಕಣ್ಣು ಬಿಟ್ಟ. ಬಾಯಲ್ಲಿ ಮೊಳೆ, ಉತ್ತರ ಹೇಳಲಾಗದು. ಆ ಬಾಯಿ ಮಾತಿಲ್ಲದೆ ನಿಂತದ್ದು ಹುಟ್ಟಿದಾರಭ್ಯ ಅದೇ ಮೊದಲು. ಯಾಕೆಂದರೆ ಅವನು ಹೊಸದುರ್ಗ ತಾಲ್ಲೂಕು ಮತ್ತೋಡಿನ ಪ್ರದೀಪ. ಮದುವೆ ಮನೆ, ಗಣಪತಿ ಪೆಂಡಾಲು, ಎಲ್ಲಾದರೂ ಸರಿ, ಮೈಕು ಕೊಟ್ಟರೆ ನಗಿಸುವ 'ಮತ್ತೋಡು ಪದ್ದಿ'. ಹುಟ್ಟಿದಾಗ ಅಳುವುದು ಬಿಟ್ಟು ಸೂಲಗಿತ್ತಿಯ ಯೋಗಕ್ಷೇಮ ವಿಚಾರಿಸಿದ್ದ ಅಂತ ಅವನ ತಾಯಿ ಓಬವ್ವನೇ ಹೇಳುತ್ತಾಳೆ.

ಮೊಳೆಗಳನ್ನು ಅಂಗೈಗೆ ಉಗಿದುಕೊಂಡ. ಗೋಡೆಯಲ್ಲಿದ್ದ ಒಂದೊಂದು ಮೊಳೆಯನ್ನೂ ಕಿತ್ತ. ನಲವತ್ತೆರಡು. ಕೊನೆಯದು ಬರುವ ತನಕ ಅವಳು ಕತ್ತರಿ ಹಿಡಿದು ನಿಂತೇ ಇದ್ದಳು.

ಮಾತು ರೆಕಾರ್ಡ್ ಮಾಡುವಾಗ ಗೋಡೆ ಗುಂಯ್‌ಗುಟ್ಟದಿರಲಿ ಅಂತ ಹಾಕಿದ್ದೆ, ಇನ್ನು ಹಗ್ಗ ಕಟ್ಟಿ ಇಳಿಬಿಡುತ್ತೇನೆ ಅಂದ. ಬಿದ್ದ ತೂತು ಯಾರು ಮುಚ್ಚುತ್ತಾರೆ ಅಂತ ಕೇಳಿದಳು ಅವಳು.

"ಕೆಳಗೆ ಟೈಲರ್ ಅದಾರಂತಲ್ರಿ. ಭಾಳ ಶಾಂತ ಸ್ವಭಾವದವರಂತೆ."

ನಗಲಿಲ್ಲ ನೇತ್ರಾವತಿ. ಮುಖ ತಿರುಗಿಸಿ ಇಳಿದಳು. ಹನ್ನೊಂದನೇ ಮೆಟ್ಟಿಲಲ್ಲಿ ನಕ್ಕಳು. ಅಲ್ಲಿ ಯಾರೂ ನೋಡುವವರಿರಲಿಲ್ಲ.

ಅವನ ಕಾರ್ಯಕ್ರಮದ ಹೆಸರು 'ಕುಂತ್ಕಳ್ರಿ, ಮಾತಾಡಾಣ'. ಭಾನುವಾರಕ್ಕೊಬ್ಬರನ್ನು ಆ ಕಂಬಳಿ ರೂಮಿನಲ್ಲಿ ಕೂರಿಸಿಕೊಂಡು ಮೂರು ತಾಸು ಮಾತಾಡಿಸುತ್ತಿದ್ದ. ರಾಜಕೀಯ, ದೇವರು, ದೆವ್ವ, ಜಾತಿ, ಸಾರಾಯಿ, ಯಾವುದೂ ಬಿಡುತ್ತಿರಲಿಲ್ಲ. ಸ್ಟೇಜಿನ ಮೇಲೆ ಅಷ್ಟು ಬಡಬಡಿಸುವವನು ಇಲ್ಲಿ ಮಾತ್ರ ಒಂದೇ ಮಾತು ಕೇಳುತ್ತಿದ್ದ.

"ಆಮೇಲೆ?"

ಅಷ್ಟೇ. ಎದುರಿನವರು ತಾವಾಗಿ ಬಿಚ್ಚಿಕೊಳ್ಳುತ್ತಿದ್ದರು.

ಪಂಚಾಯ್ತಿ ಮೆಂಬರ್ ಉಗ್ರಪ್ಪ ಬಂದು ಎರಡು ತಾಸು ತಾನು ಮಾಡಿದ ಅಭಿವೃದ್ಧಿ ಹೇಳಿದ. ಆ ಲೆಕ್ಕದಲ್ಲಿ ಹೊಳಲ್ಕೆರೆ ದಿಲ್ಲಿಯನ್ನು ಹಿಂದೆ ಹಾಕಿ ಎಷ್ಟೋ ವರ್ಷವಾಗಿತ್ತು. ಮೂರನೇ ತಾಸಿಗೆ, ತನ್ನ ಮನೆ ಮುಂದಿನ ಕಂಬಕ್ಕೇ ಬಲ್ಬ್ ಹಾಕಿಸಲಾಗಲಿಲ್ಲ ಅಂತ ಕಣ್ಣೊರೆಸಿಕೊಂಡ. ರಿಟೈರ್ಡ್ ಮೇಷ್ಟ್ರು ಪರಮೇಶ್ವರಪ್ಪ ದೇವರಿಲ್ಲ ಅಂತ ಎರಡೂವರೆ ತಾಸು ವಾದಿಸಿ, ರಾಹುಕಾಲ ಬರುವುದರೊಳಗೆ ಮುಗಿಸಿಬಿಡಪ್ಪ ಅಂದರು.

ಮೊದಲ ತಾಸು ಸುಳ್ಳು, ಎರಡನೇ ತಾಸು ಜಂಬ, ಮೂರನೇ ತಾಸಿಗೇ ನಿಜ ಅಂತ ಪ್ರದೀಪನ ಲೆಕ್ಕ.

ವಾರದ ದಿನ ಸಂಜೆ ಆ ಮೆಟ್ಟಿಲ ಮೇಲೆ ಇನ್ನೊಂದು ಮಾತುಕತೆ ನಡೆಯುತ್ತಿತ್ತು. ಅದಕ್ಕೆ ಮೈಕಿಲ್ಲ. ತೂತು ಬಿದ್ದ ಕಂಬಳಿ ಹೊಲಿಯುತ್ತ ನೇತ್ರಾವತಿ ಕೆಳಗಿನ ಮೆಟ್ಟಿಲಲ್ಲಿ, ಟೀ ಗ್ಲಾಸು ಹಿಡಿದು ಅವನು ಮೇಲಿನ ಮೆಟ್ಟಿಲಲ್ಲಿ. ಮೂರು ದಿನಕ್ಕೊಂದು ಮೆಟ್ಟಿಲು ಅವನು ಇಳಿಯುತ್ತಿದ್ದ. ಅವಳು ಹತ್ತುತ್ತಿರಲಿಲ್ಲ, ಆದರೆ ಜಾಗವನ್ನೂ ಬದಲಿಸುತ್ತಿರಲಿಲ್ಲ. ಶ್ರಾವಣ ಬರುವ ಹೊತ್ತಿಗೆ ಇಬ್ಬರೂ ಒಂದೇ ಮೆಟ್ಟಿಲಲ್ಲಿದ್ದರು. ನಲವತ್ತೆರಡು ತೂತು ಮುಚ್ಚಲಿಕ್ಕೆ ಯಾವ ಟೈಲರಿಗೂ ಎರಡು ತಿಂಗಳು ಬೇಡ. ಸುಮಿತ್ರಕ್ಕನಿಗೆ ಅದು ಅರ್ಥವಾಗಿತ್ತು. ಅವರಿಬ್ಬರಿಗೇ ಆಗಿರಲಿಲ್ಲ.

*ಇವನ ಹತ್ತಿರ ಕೂತಾಗ ಯಾಕೆ ನನಗೆ ಬಸ್ಸಿನ ಟೈಮ್ ಮರೆತುಹೋಗುತ್ತೆ...?*

ಆಸೆ ಇಟ್ಟುಕೊಳ್ಳುವ ದಾರಿ ಇರಲಿಲ್ಲ. ಅವಳು ಹಟ್ಟಿಯವಳು. ಅವನು ಊರಾಚೆ ಕೇರಿಯ ಕೂಲಿಕಾರ ತಿಪ್ಪಯ್ಯನ ಮಗ. ಇವರ ಮದುವೆಗೆ ಒಪ್ಪುವ ಒಬ್ಬ ಮನುಷ್ಯನನ್ನು ಹುಡುಕಬೇಕೆಂದರೆ ಹಿರಿಯೂರಿನಿಂದ ಹೊಸದುರ್ಗದ ತನಕ ದೀಪ ಹಿಡಿದು ಹೋಗಬೇಕಿತ್ತು.

ಕಾರ್ಯಕ್ರಮಕ್ಕೆ ಬನ್ನಿ ಅಂತ ಅವನು ಆರು ಸಲ ಕರೆದ, ಆರು ಸಲವೂ ಒಲ್ಲೆ ಅಂದಳು. ನಿಮ್ಮ ಹಟ್ಟಿ, ನಿಮ್ಮ ನಂಬಿಕೆ, ನೀವೇ ಹೇಳಿ, ಬೇರೆಯವರು ಯಾಕೆ ಹೇಳಬೇಕು ಅನ್ನುತ್ತಿದ್ದ. ಕೊನೆಗೆ ಅಜ್ಜಿಯನ್ನೇ ಕೇಳುತ್ತೇನೆ ಅಂತ ಹಟ್ಟಿಗೆ ಹೊರಟ. ಬರಿಗೈಲಿ ಹೋಗಬಾರದಲ್ಲ, ಹೊಳಲ್ಕೆರೆ ಬೇಕರಿಯಿಂದ ಆರು ಎಗ್ ಪಫ್ ಕಟ್ಟಿಸಿಕೊಂಡ.

ಗೊಲ್ಲರ ಹಟ್ಟಿಯೊಳಗೆ ಕೋಳಿ ಕಾಲಿಡುವಂತಿಲ್ಲ, ಮೊಟ್ಟೆಯೂ ಬರುವಂತಿಲ್ಲ. ಊರೂರು ತಿರುಗಿ ಲೋಕಜ್ಞಾನ ಹೇಳುವ ಮಹಾನುಭಾವನಿಗೆ ಅದೊಂದು ಗೊತ್ತಿರಲಿಲ್ಲ.

ನೇತ್ರಾವತಿಯ ಅಜ್ಜಿ ಹುಚ್ಚಕ್ಕ ಬೇಲಿ ಹತ್ತಿರವೇ ಅವನನ್ನು ತಡೆದಳು. ತಾಯಿಲ್ಲದ ಮೊಮ್ಮಗಳನ್ನು ಸಾಕಿದವಳು, ಹಟ್ಟಿ ಗುಡಿಯ ದೇವರಿಗೆ ನಲವತ್ತು ವರ್ಷದಿಂದ ಹಾಲು ಕಾಸುವವಳು. ಆರು ಪಫ್ಫನ್ನೂ ಬೇಲಿಯಾಚೆ ಕೂರಿಸಿ ಅವನ ಕೈಲೇ ತಿನ್ನಿಸಿದಳು. ಒಂದು ಚರಿಗೆ ನೀರಲ್ಲಿ ಬಾಯಿ ಮುಕ್ಕಳಿಸುವಂತೆ ಮಾಡಿ, "ಈಗ ಹೇಳು, ನನ್ನ ಮೊಮ್ಮಗಳ ತಾವ ಏನ್ ಕೆಲ್ಸ ನಿಂಗೆ?" ಅಂದಳು. ಮಾತಾಡಿಸೋ ಕೆಲಸ ಅಜ್ಜಿ, ಅಂದ. ಹುಚ್ಚಕ್ಕ ಚರಿಗೆ ಎತ್ತಿಕೊಂಡಳು. ಮಾತಾಡಲಿ ಬಿಡು ಅಂತ ಒಪ್ಪಿದಳು.

ಶಿವರಾತ್ರಿ ಆದ ಮೇಲೊಂದು ಭಾನುವಾರ ನೇತ್ರಾವತಿ ಕಂಬಳಿ ರೂಮಿನಲ್ಲಿ ಕೂತಳು.

ಮೊದಲ ತಾಸು ಕುರಿ, ಬೇಲಿ, ಹಬ್ಬ ಅಂತ ಹೇಳಿದಳು. ಎರಡನೇ ತಾಸು ತನ್ನ ಹೊಲಿಗೆಯ ಅಂದಚಂದ. ಮೂರನೇ ತಾಸಿಗೆ ಅವನು ಮೆಲ್ಲಗೆ 'ಆಮೇಲೆ?' ಅಂದ.

ಅವಳು ಹೊರಗಿನ ಗುಡಿಸಲಿನ ಮಾತು ತೆಗೆದಳು. ತಿಂಗಳ ಹೊರಗಾದ ಹೆಂಗಸರು ಬೇಲಿಯಾಚೆ ಇರುವ ಗುಡಿಸಲು. ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಅಲ್ಲಿ ಕೂತದ್ದು. ಆ ಮಧ್ಯಾಹ್ನ ಆಲಿಕಲ್ಲು ಮಳೆ ಬಂದದ್ದು. ತೆಂಗಿನಕಾಯಿ ಗಾತ್ರದ ಕಲ್ಲು ಅಂದಳು, ನಿಂಬೆಹಣ್ಣಿನಷ್ಟಾದರೂ ಇದ್ದೀತು. ಗುಡಿಸಲಿನ ಗರಿ ಹಾರಿಹೋಯಿತು. ಹಟ್ಟಿಯವರೆಲ್ಲ ಬಾಗಿಲು ಹಾಕಿಕೊಂಡಿದ್ದರು.

"ಆಗ ಅಜ್ಜಿ ಬಂತು. ಕಂಬಳಿ ಹೊದ್ಕಂಡು ಓಡಿಬಂತು. ನನ್ನ ಕಂಬಳಿಯೊಳಗೆ ಹಾಕ್ಕಂಡು ಮನೆ ಒಳಗೇ ಕರ್ಕಂಡೋತು. ಒಲೆ ಮುಂದೆ ಕುಂದ್ರಿಸ್ತು. ಮಳೆ ನಿಂತ ಮ್ಯಾಲೆ ಗುಡಿಸಲಿಗೆ ಬಿಟ್ಟು ಬಂತು. ಯಾರೂ ನೋಡ್ಲಿಲ್ಲ... ಇವತ್ತಿನ ತಂಕ ಯಾರಿಗೂ ಗೊತ್ತಿಲ್ಲ."

ಅಂದವಳೇ ಬಾಯಿ ಮುಚ್ಚಿಕೊಂಡಳು. ದೇವರ ಹಾಲು ಕಾಸುವ ಹುಚ್ಚಕ್ಕನೇ ಕಟ್ಟು ಮುರಿದಳು ಅಂತ ಗೊತ್ತಾದರೆ ಹಟ್ಟಿ ಬಿಟ್ಟೀತೆ?

ಆ ಭಾಗ ತೆಗೆದುಬಿಡ್ರಿ ಅಂತ ಕೈಮುಗಿದಳು. ತೆಗೆಯುತ್ತೇನೆ ಅಂದ. ನನ್ನ ನಂಬಿ ಅಂತಲೂ ಅಂದ.

ಮನೆಗೆ ಹೋಗಿ ಅಜ್ಜಿಗೆ ಎಲ್ಲ ಹೇಳಿದಳು. ಬಾಯಿ ಜಾರಿತು ಅಜ್ಜಿ, ಆದರೆ ಅವರು ತೆಗೆಯುತ್ತಾರೆ, ಒಳ್ಳೆಯವರು ಅಂದಳು. ಹುಚ್ಚಕ್ಕ 'ಹೂಂ' ಅಂದು ಒಲೆಯ ಕಡೆ ತಿರುಗಿದಳು. ನಾಲ್ಕು ದಿನ ಅಜ್ಜಿಯ ಮುಖದಲ್ಲಿ ನಗುವಿರಲಿಲ್ಲ.

ಮುಂದಿನ ಭಾನುವಾರ ವಿಡಿಯೋ ಬಂತು. ಮೂರು ತಾಸು. ಒಂದು ಮಾತೂ ತೆಗೆದಿರಲಿಲ್ಲ!

ಸೋಮವಾರಕ್ಕೆ ಯಾರೋ ಪುಣ್ಯಾತ್ಮರು ಅದರಲ್ಲಿ ನಲವತ್ತು ಸೆಕೆಂಡು ಕತ್ತರಿಸಿ, ಹಿಂದೆ ನಗುವ ಸದ್ದು ಸೇರಿಸಿ, ಊರಿಗೆಲ್ಲ ಹಂಚಿದರು. ಮಂಗಳವಾರಕ್ಕೆ ಅದು ಭೂಮಿಯನ್ನು ಏಳು ಸುತ್ತು ಹಾಕಿ ಹಟ್ಟಿಯ ಫೋನುಗಳಿಗೆ ಬಂದಿಳಿದಿತ್ತು.

ಹಟ್ಟಿಯ ಯಜಮಾನ ಗೊಲ್ಲಪ್ಪ ಬಾಗಿಲಿಗೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು.

"ಹುಚ್ಚಕ್ಕ, ಇನ್ನು ಗುಡಿ ಹಾಲು ನೀನು ಕಾಸಬ್ಯಾಡ."

ಹುಚ್ಚಕ್ಕ ಎದ್ದು ನಿಂತಳು. ಏನೋ ಹೇಳಲು ಮೊಮ್ಮಗಳ ಕಡೆ ತಿರುಗಿ ಬಾಯಿ ತೆರೆದಳು. ಮಾತು ಬರಲಿಲ್ಲ. ಬಾಯಿ ಸೊಟ್ಟಗಾಗಿ, ಬಲಗಡೆಯೆಲ್ಲ ಕುಸಿದು, ನಿಂತಲ್ಲೇ ನೇತ್ರಾವತಿಯ ತೋಳಿಗೆ ಬಿದ್ದಳು.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಜೀವ ಉಳಿಯಿತು, ನಾಲಿಗೆ ಉಳಿಯಲಿಲ್ಲ.

ಎರಡನೇ ದಿನ ಪ್ರದೀಪ ಓಡಿಬಂದ. ವಾರ್ಡಿನ ಬಾಗಿಲಲ್ಲೇ ನೇತ್ರಾವತಿ ಅಡ್ಡ ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿಯೂ ಇರಲಿಲ್ಲ.

"ಮೂರು ತಾಸು ನಾನು ಮಾತಾಡಿದ್ದು ಸಾಲ್ಲಿಲ್ವೇನ್ರಿ ನಿಮಗೆ? ನಮ್ಮಜ್ಜಿ ನಾಲಿಗೆನೂ ಬೇಕಾಯ್ತಾ?"

ಅವನು ಬಾಯಿ ತೆರೆದ. ಒಳಗೆ ಮಲಗಿದ್ದ ಹುಚ್ಚಕ್ಕನನ್ನು ನೋಡಿದ. ಬಾಯಿ ಮುಚ್ಚಿದ.

"ತಪ್ಪಾಯ್ತು," ಅಂದ. ಅಷ್ಟೇ. ಹೋಗಿಬಿಟ್ಟ.

*ಒಂದು ಸುಳ್ಳು ನೆಪವಾದರೂ ಹೇಳಬಾರದಿತ್ತೇ...? ಅದನ್ನೂ ನಂಬುತ್ತಿದ್ದೆನಲ್ಲ!*

ಒಳಗೆ ಹುಚ್ಚಕ್ಕ ಬಾಗಿಲ ಕಡೆ ನೋಡುತ್ತ ಊಂ ಊಂ ಅಂತ ಅಳುತ್ತಿದ್ದಳು. ಎಡಗೈಯಿಂದ ಹೊದ್ದ ಕಂಬಳಿಯನ್ನು ತಟ್ಟುತ್ತಿದ್ದಳು. ಅಜ್ಜಿಗೆ ಚಳಿ ಅಂದುಕೊಂಡು ನೇತ್ರಾವತಿ ಕಂಬಳಿಯನ್ನು ಕುತ್ತಿಗೆಯ ತನಕ ಎಳೆದು ಹೊದಿಸಿದಳು.

ಆಸ್ಪತ್ರೆಯಿಂದ ಬಂದ ದಿನ ಹುಚ್ಚಕ್ಕ ಹಟ್ಟಿಯೊಳಗೆ ಬರಲು ಒಪ್ಪಲಿಲ್ಲ. ಬೇಲಿಯಾಚೆಯ ಗುಡಿಸಲನ್ನೇ ಕೈ ಮಾಡಿ ತೋರಿಸಿದಳು. ಹಟ್ಟಿ ಹೋಗು ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ನೇತ್ರಾವತಿ ಹೊಲಿಗೆ ಮಿಷನ್ನನ್ನು ಅಲ್ಲಿಗೇ ಸಾಗಿಸಿದಳು.

ಹದಿಮೂರು ತಿಂಗಳು.

ಆ ಹದಿಮೂರು ತಿಂಗಳಲ್ಲಿ ಏನಾದರೂ ಬದಲಾಯಿತೇ ಅಂದರೆ, ಒಂದು ಪಕ್ಷದವರು ಬಂದು ಫೋಟೋ ತೆಗೆಸಿಕೊಂಡರು. ನಮ್ಮ ಸಂಪ್ರದಾಯಕ್ಕೆ ಅವಮಾನವಾಯಿತು ಅಂದರು. ಇನ್ನೊಂದು ಪಕ್ಷದವರು ಬಂದು ಅದೇ ಜಾಗದಲ್ಲಿ ಫೋಟೋ ತೆಗೆಸಿಕೊಂಡು, ಮಹಿಳೆಯರಿಗೆ ಅವಮಾನವಾಯಿತು ಅಂದರು. ಹಾಸಿಗೆ ಹಿಡಿದ ಮುದುಕಿ ಇಬ್ಬರ ಫೋಟೋದಲ್ಲೂ ಇದ್ದಳು. ಹೊರಗಾದ ಹೆಂಗಸರಿಗೆ ಅಂತ ಒಂದು ಸಿಮೆಂಟಿನ ಕೋಣೆ ಕಟ್ಟಿ, ಬೀಗ ಹಾಕಿ, ಬೀಗದ ಕೈ ಎಲ್ಲಿಟ್ಟರೆಂದು ಮರೆತರು. ಗುಡಿಸಲಿಗೆ ಬರುವವರು ಬರುತ್ತಲೇ ಇದ್ದರು. ಹಟ್ಟಿಯ ಬೇಲಿಗೆ ಇನ್ನೊಂದು ಸುತ್ತು ಕಳ್ಳೆ ಬಿತ್ತು.

ಪ್ರದೀಪನ ಕಾರ್ಯಕ್ರಮ ನಿಂತಿತು. ಅವನೇ ನಿಲ್ಲಿಸಿದ ಅಂತ ಸುಮಿತ್ರಕ್ಕ ಹೇಳಿದಳು. ಮಾರ್ಕೆಟ್ ಯಾರ್ಡಿನಲ್ಲಿ ಮೈಕು ಹಿಡಿದು ಹರಾಜಿನ ಲಾಟ್ ನಂಬರ್ ಕೂಗುತ್ತಾನಂತೆ, ನಗಿಸುವುದನ್ನೇ ಬಿಟ್ಟಿದ್ದಾನಂತೆ. ಬಟ್ಟೆ ತರಲು ಹೋದಾಗಲೆಲ್ಲ ನೇತ್ರಾವತಿ ಇದನ್ನು ಕೇಳಿಸಿಕೊಂಡಳು, ಏನೂ ಕೇಳಲಿಲ್ಲ. ರೂಮಿನ ಮೆಟ್ಟಿಲ ಕಡೆ ಮುಖವನ್ನೂ ಹಾಕಲಿಲ್ಲ.

ಹುಚ್ಚಕ್ಕ ಮಾತ್ರ ದಿನಾ ಕಂಬಳಿ ತಟ್ಟುತ್ತಿದ್ದಳು. ಬೇಸಿಗೆಯಲ್ಲೂ. ನೇತ್ರಾವತಿ ದಿನಾ ಕುತ್ತಿಗೆಯ ತನಕ ಹೊದಿಸುತ್ತಿದ್ದಳು. ಹುಚ್ಚಕ್ಕ ಕಣ್ಣು ಮುಚ್ಚಿ ಅಳುತ್ತಿದ್ದಳು. ಯುಗಾದಿ ಮುಗಿದ ವಾರ, ತಟ್ಟುತ್ತಿದ್ದ ಕೈ ಕಂಬಳಿಯ ಮೇಲೆ ಹಾಗೇ ನಿಂತಿತು.

ಮಣ್ಣಾದ ಮೂರನೇ ದಿನ ಒಬ್ಬ ಹೆಂಗಸು ಗುಡಿಸಲಿನ ಮುಂದೆ ಬಂದು ನಿಂತಳು. ನಲವತ್ತರ ಮೇಲಿನ ವಯಸ್ಸು, ಹಿರಿಯೂರು ಬಸ್ಸಿನ ಧೂಳು ಮೈಮೇಲೆ. ನೇತ್ರಾವತಿಗೆ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು.

ಕಾಳಕ್ಕ! ಇದೇ ಹಟ್ಟಿಯ ಸೊಸೆ. ನೇತ್ರಾವತಿ ಹುಡುಗಿಯಾಗಿದ್ದಾಗ ಗಂಡನನ್ನು ಬಿಟ್ಟು ಹೋದಳು ಅಂತ ಎಲ್ಲರೂ ಹೇಳುತ್ತಿದ್ದರು.

"ಬಿಟ್ಟು ಹೋಗ್ಲಿಲ್ಲ ಕಣವ್ವ. ಕಳಿಸಿದ್ರು," ಅಂತ ಕಾಳಕ್ಕ ಹೊಸ್ತಿಲಲ್ಲೇ ಕೂತಳು.

ಆಲಿಕಲ್ಲು ಬಿದ್ದ ವರ್ಷವೇ ಹಟ್ಟಿಯ ಕುರಿಗಳು ನಾಲಿಗೆ ನೀಲಿಗಟ್ಟಿ ಸತ್ತವು. ಹಿಂಡಿಗೆ ಹಿಂಡೇ ಮಲಗಿತು. ಯಾರೋ ಹೊರಗಾದವಳು ಒಳಗೆ ಬಂದಿದ್ದಾಳೆ, ಅದಕ್ಕೇ ದೇವರು ಮುನಿದ ಅಂದರು ಹಿರಿಯರು. ಕಾಳಕ್ಕ ಒಂದು ಸಲ, ಅಳುತ್ತಿದ್ದ ಮಗುವನ್ನು ಎತ್ತಿಕೊಳ್ಳಲು ಗುಡಿಸಲಿನಿಂದ ಬೇಲಿ ಬಾಗಿಲ ತನಕ ಬಂದಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. ಆದರೂ ತಪ್ಪು ಅವಳ ತಲೆಗೆ ಬಂತು. ತವರಿಗೆ ಅಟ್ಟಿದರು, ಗಂಡ ಇನ್ನೊಂದು ಮದುವೆಯಾದ, ಮಗು ಹಟ್ಟಿಯಲ್ಲೇ ಉಳಿಯಿತು. ಒಳಗೆ ಬಂದದ್ದು ಯಾರು ಅಂತ ಹಟ್ಟಿಯ ಹಿರಿಯರಲ್ಲಿ ಹುಚ್ಚಕ್ಕ ಒಬ್ಬಳಿಗೇ ಗೊತ್ತಿತ್ತು. ಅವಳು ಬಾಯಿ ಬಿಟ್ಟರೆ ಮೊಮ್ಮಗಳನ್ನು ಅಟ್ಟುತ್ತಿದ್ದರು.

ನೇತ್ರಾವತಿ ಹೊಸ್ತಿಲ ಹತ್ತಿರ ಬಂದಳು.

"ನಿಂಗೆಂಗೆ ಗೊತ್ತಾಯ್ತು ಇದು?"

ಕಾಳಕ್ಕ ಸೆರಗಿನಿಂದ ಫೋನು ತೆಗೆದಳು. ಹೋದ ವರ್ಷ ಒಬ್ಬ ಬಡಕಲು ಹುಡುಗ ತವರಿನ ತನಕ ಹುಡುಕಿಕೊಂಡು ಬಂದಿದ್ದನಂತೆ. ವಿಡಿಯೋ ಬರುವ ಹಿಂದಿನ ದಿನ. ಹುಚ್ಚಕ್ಕ ಹೇಳಿಕಳಿಸಿದ್ದಾಳೆ, ಇದನ್ನು ನಿನಗೆ ಕೇಳಿಸಬೇಕಂತೆ ಅಂದು, ಕೇಳಿಸಿ, ಫೋನಿಗೂ ಹಾಕಿಕೊಟ್ಟು ಹೋದನಂತೆ. ಅಜ್ಜಿಯೇ ಮೊಮ್ಮಗಳಿಗೆ ಹೇಳಿರುತ್ತಾಳೆ ಅಂತ ಇಷ್ಟು ದಿನ ಸುಮ್ಮನಿದ್ದವಳು, ಸಾವಿನ ಸುದ್ದಿ ಕೇಳಿ ಬಂದಿದ್ದಳು. ಕಾಳಕ್ಕ ಬೆರಳು ಒತ್ತಿದಳು.

ಹುಚ್ಚಕ್ಕನ ದನಿ! ಹದಿಮೂರು ತಿಂಗಳಾಗಿತ್ತು ಆ ದನಿ ಕೇಳಿ.

"...ಹುಡುಗಿ ದುರ್ಗಕ್ಕೆ ಬಟ್ಟೆ ತರಾಕೆ ಹೋಗೈತೆ, ಕಣ್ ತೋರಿಸ್ಕಂಡು ಬತ್ತೀನಿ ಅಂತ ಸುಳ್ಳು ಹೇಳಿ ಬಂದೀನಿ ನಿನ್ ತಾವ. ನೋಡಪ್ಪ, ಅವಳು ಹೇಳಿದ ಆಲಿಕಲ್ಲಿನ ಮಾತು ತೆಗೀಬ್ಯಾಡ. ನಾನೇ ಹೇಳ್ತಿದೀನಿ. ಆ ಕಾಳಿ ಹುಡುಗಿ ಬದುಕು ನನ್ನಿಂದ ಹಾಳಾತು. ನಾನು ದಿನಾ ದೇವ್ರ ಹಾಲು ಕಾಸ್ತಾ ಕಾಸ್ತಾ ಸುಮ್ನಿದ್ದೆ. ಸಾಯೋದ್ರೊಳಗೆ ಹಟ್ಟಿಗೆ ಗೊತ್ತಾಗ್ಲಿ, ಒಳಗೆ ಕರ್ಕಂಬಂದೋಳು ನಾನು ಅಂತ. ನೇತ್ರಿಗೆ ಮೊದ್ಲೇ ಹೇಳಿದ್ರೆ ತಡೀತಾಳೆ, ನನ್ ಮ್ಯಾಲೆ ಪ್ರಾಣ ಅದಕ್ಕೆ. ಆಮೇಲೆ ನಾನೇ ಹೇಳ್ತೀನಿ. ನಾನು ಹೇಳೋ ತಂಕ ನೀನು ಬಾಯಿ ಬಿಡಂಗಿಲ್ಲ. ನಿನ್ ಬಾಯಿ ಭಾಳ ದೊಡ್ಡದು. ಮುಟ್ಟು, ಈ ಕಂಬಳಿ ಮುಟ್ಟು..."

ಆಮೇಲೆ ಅವನ ದನಿ. "ಮುಟ್ಟೀನಿ ಅಜ್ಜಿ."

ನೇತ್ರಾವತಿ ಅಜ್ಜಿಯ ಖಾಲಿ ಹಾಸಿಗೆಯ ಮೇಲೆ ಕೂತಳು. ಕಂಬಳಿ ಅಲ್ಲೇ ಮಡಚಿ ಇತ್ತು.

*ಚಳಿಯಲ್ಲ... ಹದಿಮೂರು ತಿಂಗಳು ನೀನು ಹೇಳುತ್ತಲೇ ಇದ್ದೆ. ನಾನು ಕುತ್ತಿಗೆಯ ತನಕ ಹೊದಿಸಿ ನಿನ್ನ ಬಾಯಿ ಮುಚ್ಚಿಸುತ್ತಲೇ ಇದ್ದೆನಲ್ಲ ಅಜ್ಜಿ!*

ಕಾಳಕ್ಕ ಬೇಲಿಯೊಳಗೆ ಹೋಗಲಿಲ್ಲ, ಬಾ ಅಂತ ಯಾರೂ ಕರೆಯಲೂ ಇಲ್ಲ. ಅವಳ ಮಗ ಈಗ ಹದಿನೈದರವನು. ಕುರಿ ಹೊಡೆದುಕೊಂಡು ಅವಳ ಮುಂದೆಯೇ ಹಾದುಹೋದ. ಇವಳು ಯಾರೆಂದು ಅವನಿಗೆ ಗೊತ್ತಾಗಲಿಲ್ಲ. ಕಾಳಕ್ಕ ಸಂಜೆ ಬಸ್ಸಿಗೆ ಹೊರಟುಹೋದಳು.

ಭಾನುವಾರ ಅಂಗಡಿಗೆ ರಜೆ. ಆ ಹೊತ್ತಿನಲ್ಲಿ ಅವನು ಬಂದು ಮೆಟ್ಟಿಲ ಮೇಲೆ ಸುಮ್ಮನೆ ಕೂತು ಹೋಗುತ್ತಾನೆ ಅಂತ ಸುಮಿತ್ರಕ್ಕ ಒಮ್ಮೆ ಅಂದಿದ್ದಳು. ನೇತ್ರಾವತಿ ಅಜ್ಜಿಯ ಕಂಬಳಿಯನ್ನು ಎದೆಗೆ ಅವುಚಿಕೊಂಡು ಬೆಳಗಿನ ಬಸ್ಸು ಹತ್ತಿದಳು.

ಅವನು ಇದ್ದ. ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ, ಮೊದಲ ದಿನದ ಹಾಗೆ. ಬಡಕಲಿಗೂ ಬಡಕಲಾಗಿದ್ದ, ಹಗ್ಗದ ಮೇಲೆ ಅಂಗಿ ಒಣಗಲು ಹಾಕಿದ್ದಾರೆ ಅನ್ನಬೇಕು. ಹಿಂದಿನ ರೂಮಿಗೆ ಬೇರೆ ಯಾರದೋ ಬೀಗ.

ಅವಳನ್ನು ಕಂಡು ಎದ್ದು ನಿಂತ. ಅಜ್ಜಿ ಹೋದ ದಿನ ಬಂದಿದ್ದೆ, ಬೇಲಿಯಾಚೆ ಹೊಂಗೆಮರದ ಹತ್ತಿರ ನಿಂತಿದ್ದೆ ಅಂದ.

ಈ ಸಲ ನೇತ್ರಾವತಿ ಮೆಟ್ಟಿಲು ಹತ್ತಿದಳು. ಒಂದೊಂದೇ. ಅವನ ಮೆಟ್ಟಿಲಿಗೇ ಬಂದು ನಿಂತಳು.

"ಕಾಳಕ್ಕ ಬಂದಿತ್ತು. ಕೇಳಿದೆ."

ಅವನು ಕೂತುಬಿಟ್ಟ. ಮುಖವನ್ನು ಮೊಣಕಾಲಿಗೆ ಒತ್ತಿಕೊಂಡ. ಲೋಕವನ್ನೆಲ್ಲ ಮಾತಾಡಿಸಿದವನ ಭುಜ ಮಾತ್ರ ಅಲುಗುತ್ತಿತ್ತು.

"ಆಸ್ಪತ್ರೆ ಬಾಗ್ಲಾಗೆ ಹೇಳಿದ್ರೆ ಆಗ್ತಿರ್ಲಿಲ್ವಾ? ನಾನು ಅಷ್ಟು ಮಾತು ಅಂದೆ..."

"ಅಜ್ಜಿ ಹೇಳೋ ತಂಕ ಅಂತ ಮುಟ್ಟಿದ್ದೆ. ಅಜ್ಜಿ ಹೇಳ್ಲಿಲ್ಲ. ನಾನೆಂಗೆ ಹೇಳ್ಲಿ?" ಅಂದ. "ನೀವೇ ಅಲ್ವಾ ಕಂಬಳಿ ಅಂದ್ರೆ ಏನು ಅಂತ ಹೇಳ್ಕೊಟ್ಟೋರು. ಕತ್ತರಿ ಹಿಡ್ಕಂಡು."

ಅವಳು ಪಕ್ಕದಲ್ಲಿ ಕೂತಳು. ಆಮೇಲೆ ಅವನೇ ನಿಧಾನಕ್ಕೆ ಹೇಳಿದ, ಯಾರದೋ ಲಾಟ್ ನಂಬರ್ ಓದುವವನ ಹಾಗೆ. ಮಾತಾಡಿದರೆ ಏನೋ ಸರಿಹೋಗುತ್ತದೆ ಅಂತ ನಂಬಿದ್ದೆ. ಏನೂ ಆಗಲಿಲ್ಲ. ಅಜ್ಜಿಯೂ ಹೋದಳು, ಕಾಳಕ್ಕನ ಮಗುವೂ ಅವಳಿಗೆ ಸಿಗಲಿಲ್ಲ, ಗುಡಿಸಲೂ ಹಾಗೇ ಇದೆ. ನಿಮ್ಮ ವಿಷಯ ಎತ್ತಿದರೆ ನಮ್ಮವ್ವ ಹೆದರಿ ಅಳುತ್ತಾಳೆ, ಕೇರಿಗೆ ಏನು ಮಾಡುತ್ತಾರೋ ಅಂತ. ನಿಮ್ಮ ಹಟ್ಟಿ ನನ್ನನ್ನು ಬೇಲಿ ಮುಟ್ಟಲೂ ಬಿಡುವುದಿಲ್ಲ. ನಿಮಗೆ ಕೊಡಲು ನನ್ನ ಹತ್ತಿರ ಒಂದು ಜೋಕೂ ಉಳಿದಿಲ್ಲ...

"ಆದ್ರೂ ಇಷ್ಟ ಐತೆ. ಮೊಳೆ ಕಿತ್ತ ದಿನದಿಂದ," ಅಂದ.

"ನಂಗೆ ಹನ್ನೊಂದನೇ ಮೆಟ್ಟಿಲಿಂದ," ಅಂದಳು ಅವಳು.

ಅದೇನೆಂದು ಅವನಿಗೆ ಗೊತ್ತಾಗಲಿಲ್ಲ. ಅವಳು ಹೇಳಲೂ ಇಲ್ಲ. ಮಡಿಲಲ್ಲಿದ್ದ ಅಜ್ಜಿಯ ಕಂಬಳಿಯನ್ನು ಬಿಡಿಸಿ ಇಬ್ಬರ ಮೊಣಕಾಲ ಮೇಲೆ ಹಾಸಿದಳು. ಮಟಮಟ ಬೇಸಿಗೆ. ಬೀದಿಯಲ್ಲಿ ಹೋಗುವವರು ಇವರಿಗೆ ಹುಚ್ಚು ಅಂದುಕೊಂಡರು.

"ಮುಟ್ರಿ," ಅಂದಳು.

ಅವನ ಕೈ ಗಾಳಿಯಲ್ಲೇ ನಿಂತಿತು. "ಏನಂತ ಮುಟ್ಲಿ? ಒಳ್ಳೇದಾಗುತ್ತೆ ಅಂತ ಹೇಳಾಕೆ ನನಗೆ ಬಾಯಿ ಬರಲ್ಲ ನೇತ್ರಾ."

"ಅದನ್ನ ಹೇಳ್ಬ್ಯಾಡ್ರಿ, ಸುಳ್ಳಾಗುತ್ತೆ. ಇರ್ತೀನಿ ಅಂತ ಹೇಳ್ರಿ. ಅಷ್ಟು ಸಾಕು."

ಅವನು ಕಂಬಳಿಯ ಮೇಲೆ ಅಂಗೈ ಊರಿದ. ಹುಚ್ಚಕ್ಕ ತಟ್ಟಿ ತಟ್ಟಿ ನುಣುಪಾಗಿದ್ದ ಜಾಗದಲ್ಲಿ.

"ಇರ್ತೀನಿ."

ನೇತ್ರಾವತಿ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಎಷ್ಟೋ ದಿನದಿಂದ ತಡೆದಿದ್ದ ನೀರು ಗಲ್ಲದ ಮೇಲೆ ಇಳಿಯಿತು. ಅದನ್ನು ಒರೆಸಿಕೊಳ್ಳದೆ ಅವನದೇ ಮಾತನ್ನು ಅವನಿಗೆ ಕೇಳಿದಳು.

"ಆಮೇಲೆ?"

"ಆಮೇಲೂ ಇರ್ತೀನಿ."